ಬಸ್ಸಿನ ಬೆನ್ನ ಮೇಲಿನ ಬಾಣಗಳು

ಮೊನ್ನೆ ಕಾಲೇಜು ಮುಗಿಸಿ ಬರುವಾಗ ಟಿಳಕವಾಡಿಯ ರೈಲ್ವೆ ಗೇಟು ಹಾಕಿತ್ತು. ನನ್ನ ಸ್ಕೂಟರಿನ ಮುಂದೆ ಖಾನಾಪುರದ ಬಸ್ಸು. ಅದರ ಹಿಂಬದಿಗೆ ಮೆತ್ತಿದ ಕೆಂಪು ರಾಡಿ ಒಣಗಿತ್ತು. ಡೀಸೆಲ್ ಹೊಗೆಯ ಜೊತೆ ಆ ಮಣ್ಣಿನ ವಾಸನೆ ಮೂಗಿಗೆ ಬಡಿದದ್ದೇ ತಡ, ಪಿಯುಸಿ ದಿನಗಳ ನಮ್ಮ ಬಸ್ಸಿನ ಕಂಡಕ್ಟರ್ ಕಾಕಾ ನೆನಪಾದರು. ಸುತ್ತಲಿನವರೆಲ್ಲ ಗೊಣಗುತ್ತಿದ್ದರು, ನಾನೊಬ್ಬಳೇ ಹೆಲ್ಮೆಟ್ಟಿನೊಳಗೆ ನಗುತ್ತಿದ್ದೆ.

ಆಗ ನಾನು ಖಾನಾಪುರದಿಂದ ಅವರ ಬಸ್ಸಿನಲ್ಲೇ ದಿನಾ ಬೆಳಗಾವಿಗೆ ಬಂದು ಪಿಯುಸಿ ಮೊದಲ ವರ್ಷ ಓದುತ್ತಿದ್ದೆ. ಸೈನ್ಸೇ ಬೇಕೆಂದು ಮನೆಯಲ್ಲಿ ಹಟ ಹಿಡಿದು ಸೇರಿದವಳು, ಭೌತಶಾಸ್ತ್ರದ ಮೊದಲ ಟೆಸ್ಟಿನಲ್ಲೇ ಮಕಾಡೆ ಮಲಗಿದೆ. ಬಲಗಳ ಚಿತ್ರ ಬರೆಯಿರಿ ಎಂದರೆ ಒಂದು ಡಬ್ಬಿ ಬರೆದು, ಕ್ರಿಯೆಯ ಬಾಣ, ಪ್ರತಿಕ್ರಿಯೆಯ ಬಾಣ ಎರಡನ್ನೂ ಅದಕ್ಕೇ ಅಂಟಿಸುತ್ತಿದ್ದೆ. ಎರಡೂ ಸಮ, ಎದುರುಬದುರು, ಕಳೆದರೆ ಸೊನ್ನೆ. ನನ್ನ ಉತ್ತರಪತ್ರಿಕೆಯಲ್ಲಿ ಗಾಡಿ, ಕುದುರೆ ಯಾವುದೂ ಜಪ್ಪಯ್ಯ ಎಂದರೂ ಅಲುಗಾಡುತ್ತಿರಲಿಲ್ಲ. ಸಾಕಾಗಿ, ಆರ್ಟ್ಸಿಗೆ ಹೋಗುತ್ತೇನೆಂದು ಅರ್ಜಿ ಬರೆದು ಅಪ್ಪನ ಸಹಿ ಹಾಕಿಸಿದ್ದೆ. ಅದನ್ನು ಕೊಡಬೇಕಾದ ದಿನ ಬೆಳಿಗ್ಗೆ, ಅಳು ಬಂದೀತೆಂದು ಬಸ್ಸಿನ ಕಿಟಕಿಯ ಹೊರಗೇ ನೋಡುತ್ತಾ ಕುಳಿತಿದ್ದೆ.

ದೇಸೂರಿನ ಹತ್ತಿರ ಬಸ್ಸು ಕೆಮ್ಮಿ ಕೆಮ್ಮಿ ನಿಂತಿತು.

"ಎಲ್ಲಾರೂ ಇಳೀರಿ, ಸ್ವಲ್ಪ ಕೈ ಹಚ್ಚರಿ!" ಎಂದರು ಕಾಕಾ. ಮಳೆ ಬಿಟ್ಟಿತ್ತು, ಆದರೆ ರಸ್ತೆಯೆಲ್ಲ ರಾಡಿ. ನನ್ನದು ಬಿಳಿ ಯೂನಿಫಾರ್ಮು. ಸುಮ್ಮನೆ ಕುಳಿತಿರಲು ಮನಸ್ಸು ಬರಲಿಲ್ಲ... ಒಳಗೇ ನಿಂತು, ಮುಂದಿನ ಸೀಟಿನ ಸರಳಿಗೆ ಎರಡೂ ಕೈ ಕೊಟ್ಟು, ಹಲ್ಲು ಕಚ್ಚಿ ನೂಕತೊಡಗಿದೆ.

ಕಿಟಕಿಯಲ್ಲಿ ಕಾಕಾರ ಮುಖ ಕಾಣಿಸಿತು. "ಏ ತಂಗಿ, ಏನ ನಡಸೀ?"

"ನಾನೂ ನೂಕಾಕತ್ತೀನ್ರಿ ಕಾಕಾ."

ಅವರು ನಕ್ಕ ನಗೆಗೆ, ಹೊರಗೆ ನೂಕುತ್ತಿದ್ದವರೆಲ್ಲ ಕೈಬಿಟ್ಟು ನಕ್ಕರು. ನಾನು ನಾಚಿ ನೀರಾಗಿ ಕೆಳಗಿಳಿದು ಹಿಂದಕ್ಕೆ ಬಂದೆ.

"ನಾನೂ ಪಿಯುಸಿ ಸೈನ್ಸ್ ಓದೀನಿ, ತಿಳೀತಿಲ್ಲೋ?" ಎನ್ನುತ್ತ ಅವರು ಬಸ್ಸಿನ ಹಿಂಬದಿಗೆ ಮೆತ್ತಿದ ರಾಡಿಯಲ್ಲಿ ಬೆರಳಿನಿಂದ ಡಬ್ಬಿ ಬರೆದರು. "ಇದು ಬಸ್. ಒಳಗ ನಿಂತ್ರ ನಿನ್ನ ಕೈ ಇದನ್ನ ಮುಂದ ನೂಕತಾವು, ಕಾಲು ಇದನ್ನೇ ಹಿಂದ ಒತ್ತತಾವು. ಎರಡೂ ಬಾಣ ಬಸ್ಸಿನ ಮ್ಯಾಲೇ. ಸೊನ್ನಿ! ಹೊರಗ ನಿಂತ್ರ ಕಾಲು ಒತ್ತೂದು ನೆಲಾನ."

"ಖರೇರಿ, ಆದ್ರ ನಾ ನೂಕಿದಷ್ಟೇ ಬಸ್ಸೂ ನನ್ನ ನೂಕತೈತಲ್ಲ? ಮತ್ತ ಹೆಂಗ ಹೋಗತೈತಿ?"

ಡಬ್ಬಿಯ ಬಾಜೂಕೆ ಎರಡು ಜಡೆಯ ಗೊಂಬೆ ಬಂತು. "ಇದು ನೀನು. ನೀ ನೂಕೂ ಬಾಣ ಬಸ್ಸಿನ ಮ್ಯಾಲೆ. ಬಸ್ ನೂಕೂ ಬಾಣ ನಿನ್ನ ಮ್ಯಾಲೆ. ಅದರದ್ದು ಅದರ ಚಿತ್ರದಾಗ, ನಿಂದು ನಿನ್ನ ಚಿತ್ರದಾಗ. ಅದರಾಗ ಇದನ್ನ ಯಾಕ ಕಳೀತಿ?"

ಎರಡು ತಿಂಗಳು ಗೋಳು ಹೊಯ್ದುಕೊಂಡ ಪಾಠ ಎರಡು ನಿಮಿಷದಲ್ಲಿ ತಿಳಿಯಿತು. ಆ ಖುಷಿಗೆ ಯೂನಿಫಾರ್ಮು ಮರೆತೇ ಹೋಯಿತು. ಎಲ್ಲರ ಜೊತೆ ಜೀವ ಬಿಟ್ಟು ನೂಕಿದೆ. ಎಂಜಿನ್ ಶುರುವಾಗಿ ಬಸ್ಸು ಗಕ್ಕನೆ ಮುಂದೆ ಹಾರಿತು. ನಾನು ರಾಡಿಯಲ್ಲಿ ಬೋರಲು ಬಿದ್ದೆ. ಫುಟ್‌ಬೋರ್ಡಿನಿಂದ ಕಾಕಾ ಕೂಗಿದರು: "ಬಸ್ಸಿನ ಬಾಣ ಹೋತು, ನೆಲದ್ದಷ್ಟ ಉಳೀತು ನೋಡ!"

ಸೀಟಿಗೆ ಬಂದವಳೇ, ಮರೆತುಹೋದೀತೆಂಬ ಅವಸರಕ್ಕೆ, ಚೀಲದಲ್ಲಿ ಕೈಗೆ ಸಿಕ್ಕ ಹಾಳೆಯ ಮೇಲೆ ಎರಡೂ ಚಿತ್ರ ಬೇರೆ ಬೇರೆಯಾಗಿ ಬರೆದೆ. ತಿರುಗಿಸಿ ನೋಡಿದರೆ ಅದು ನನ್ನ ಅರ್ಜಿ! ಅಪ್ಪನ ಸಹಿಯ ಮೇಲೆ ನನ್ನ ಐದೂ ಬೆರಳಿನ ಕೆಂಪು ಗುರುತು. ಅಂದು ನಾನು ಕಚೇರಿಯ ಕಡೆ ತಲೆ ಹಾಕಲಿಲ್ಲ.

ಈಗ ಅದೇ ಪಾಠವನ್ನು ನಾನೇ ಮಾಡುತ್ತೇನೆ. ಒಳಗೆ ನಿಂತು ಬಸ್ಸು ನೂಕಿದ ಹುಡುಗಿಯ ಕಥೆಗೆ ಪ್ರತಿ ವರ್ಷವೂ ತರಗತಿ ನಗುತ್ತದೆ. ಆದರೆ ಆ ಅರ್ಜಿಯ ವಿಷಯ ಕಾಕಾರಿಗೆ ಹೇಳಲೇ ಇಲ್ಲ. ಸಿಕ್ಕಾಗ ಹೇಳಿದರಾಯಿತು ಎಂದುಕೊಳ್ಳುತ್ತಲೇ ಇದ್ದೆ... ಅವರು ನಿವೃತ್ತರಾದರು. ಹೋದ ವರ್ಷ, ಅವರು ತೀರಿಕೊಂಡರೆಂದು ಇನ್ನೊಬ್ಬ ಕಂಡಕ್ಟರ್ ಹೇಳಿದರು. ಅಂದು ನನಗಾದ ಸಂಕಟ ಇನ್ನೂ ಪೂರ್ತಿ ಹೋಗಿಲ್ಲ.

ರೈಲು ಇನ್ನೂ ಬಂದಿರಲಿಲ್ಲ. ಸ್ಕೂಟರಿಗೆ ಸ್ಟ್ಯಾಂಡ್ ಹಾಕಿ ಇಳಿದು, ಬಸ್ಸಿನ ರಾಡಿಯ ಮೇಲೆ ಒಂದು ಡಬ್ಬಿ ಬರೆದೆ, ಬಾಜೂಕೆ ಎರಡು ಜಡೆಯ ಗೊಂಬೆ, ಅದರದ್ದು ಅದಕ್ಕೆ, ಇದರದ್ದು ಇದಕ್ಕೆ ಬಾಣ. ರೈಲು ಹಾದುಹೋಗಿ ಗೇಟು ತೆರೆಯಿತು. ಬಸ್ಸು ನನ್ನ ಚಿತ್ರ ಹೊತ್ತು ಖಾನಾಪುರದ ಕಡೆ ಹೊರಟಿತು. ಬೆರಳ ತುದಿಯ ಕೆಂಪನ್ನು ಮನೆ ಮುಟ್ಟುವವರೆಗೂ ಒರೆಸಿಕೊಳ್ಳಲಿಲ್ಲ.