ನೀಲಿ ಸೀಮೆಸುಣ್ಣ ಮತ್ತು ನಾನು ನೋಡದ ಹಳ್ಳ

ಬಣ್ಣದ ಸೀಮೆಸುಣ್ಣದ ಪೆಟ್ಟಿಗೆಯಲ್ಲಿ ಮೊದಲು ಮುಗಿಯುವುದು ನೀಲಿ. ಯಾವ ಪಠ್ಯಪುಸ್ತಕದಲ್ಲೂ ಇಲ್ಲದ ಈ ಸತ್ಯವೊಂದೇ, ಮುಂಬಯಿಯ ಸಯನ್ನಿನ ಕನ್ನಡ ಶಾಲೆಯೊಂದರಲ್ಲಿ ಮೂವತ್ತು ವರ್ಷ ಭೂಗೋಳ ಕಲಿಸಿದ ನಾನು ಸ್ವಂತವಾಗಿ ಕಂಡುಕೊಂಡದ್ದು. ಕಾಡಿಗೆ ಹಸಿರು, ಬೆಟ್ಟಕ್ಕೆ ಕಂದು ಸ್ವಲ್ಪ ಸಾಕು. ಸಮುದ್ರ, ನದಿ, ಸರೋವರಗಳ ಭಾರವೆಲ್ಲ ಬಡಪಾಯಿ ನೀಲಿಯ ಮೇಲೆ. ಆದ್ದರಿಂದಲೇ ಒಂದು ವರ್ಷ ದೀಪಾವಳಿ ರಜೆಯ ಮುನ್ನಾದಿನ, ನಾನು ಆರಿಸಿ ಕೂಡಿಟ್ಟಿದ್ದ ನೀಲಿ ಕಡ್ಡಿಗಳೆಲ್ಲ ಮೇಜಿನ ಡ್ರಾಯರಿನಿಂದ ಮಾಯವಾದಾಗ, ಪಾಣಿಪತ್ತಿನ ನಕ್ಷೆಯಲ್ಲಿ ಯಮುನೆಯನ್ನು ಧಾರಾಳವಾಗಿ ಹರಿಸುತ್ತಿದ್ದ ಇತಿಹಾಸದ ಮಾಸ್ತರರ ಮೇಲೆ ನನಗೆ ಗುಮಾನಿ ಹುಟ್ಟಿ, ಅವರೊಂದಿಗೆ ಚಹಾ ಕುಡಿಯುವುದನ್ನೇ ಬಿಟ್ಟೆ.

ನೀಲಿಯ ಬಹುಭಾಗವನ್ನು ನುಂಗುತ್ತಿದ್ದದ್ದು ಮಾತ್ರ ಯಮುನೆಯಲ್ಲ, ನನ್ನದೇ ಒಂದು ಹಳ್ಳ. ಸುಣ್ಣದಕಲ್ಲಿನ ಕಣಿವೆಯ ಪುಟ್ಟ ಹಳ್ಳ ಅದು: ಮಳೆಗಾಲದಲ್ಲಿ ಹುಟ್ಟಿ, ತುಸು ದೂರ ಹರಿದು, ಬಂಡೆಯ ಬಿರುಕಿನೊಳಗೆ ಇಳಿದು ಅಂತರ್ಧಾನವಾಗಿ, ಎಲ್ಲೋ ಆಚೆ ಏನೂ ಆಗಿಲ್ಲವೆಂಬಂತೆ ಮೇಲೇಳುತ್ತದೆ, ಬೇಸಗೆಯಲ್ಲಂತೂ ಇಡಿಯಾಗಿಯೇ ಕಾಣೆ. ಮಳೆನೀರು ಕಲ್ಲನ್ನು ಸಾವಕಾಶವಾಗಿ ಕರಗಿಸಿ ನೆಲದಡಿಯಲ್ಲಿ ಹೇಗೆ ದಾರಿ ಕೊರೆಯುತ್ತದೆಂದು ಕರಿಹಲಗೆಯ ಮೇಲೆ ಬರೆದು ತೋರಿಸುತ್ತಿದ್ದೆ. ಮುಂಬಯಿಯ ನಾಲೆಗಳೂ ರಸ್ತೆಯಡಿ ಮಾಯವಾಗುತ್ತವೆ, ನಿಜ. ಆದರೆ ನಮ್ಮದು ಕರಿಕಲ್ಲಿನ ಊರು, ಇಲ್ಲಿ ಆ ಕರಾಮತ್ತು ಇಂಜಿನಿಯರರದು.

ಮೊದಲ ವರ್ಷವೇ ಹಿಂದಿನ ಬೆಂಚಿನಿಂದ ಯಾರೋ, ಅಂಥ ಹಳ್ಳವನ್ನು ನೀವು ನೋಡಿದ್ದೀರಾ ಎಂದು ಕೇಳಿದರು. ಉಡುಪಿಯಿಂದ ಮುಂಬಯಿ, ಮುಂಬಯಿಯಿಂದ ಉಡುಪಿ ಬಿಟ್ಟರೆ ಉಳಿದ ಪ್ರಪಂಚವನ್ನು ಲೋಕಲ್ ರೈಲಿನ ಕಿಟಕಿಯಿಂದಲೇ ನೋಡಿದವನು ನಾನು. ಆದರೂ ನನ್ನ ಬಾಯಿ ನನ್ನ ಅನುಮತಿ ಪಡೆಯದೆ ‘ನೋಡಿದ್ದೇನೆ’ ಎಂದುಬಿಟ್ಟಿತು. ಸುಳ್ಳಿಗೆ ಒಂಟಿತನ ಸೇರುವುದಿಲ್ಲ. ಮರುವರ್ಷ ಅದಕ್ಕೊಂದು ಚಪ್ಪಲಿ ಜೊತೆಯಾಯಿತು. ನನ್ನ ಎಡಗಾಲಿನ ಚಪ್ಪಲಿ ಜಾರಿ ಬಿರುಕಿನೊಳಗೆ ಹೋಯಿತೆಂದೂ, ನಾನು ಕುಂಟಿಕೊಂಡು ಒಂದು ಮೈಲಿ ನಡೆದು, ನೀರು ಮೇಲೇಳುವಲ್ಲಿ ಕಾದು ಕುಳಿತು ಅದನ್ನು ಹಿಡಿದೆನೆಂದೂ ಪಾಠ ಬೆಳೆಯಿತು. ಮಕ್ಕಳು ಕಣ್ಣರಳಿಸಿ ಕೇಳಿದರು. ಹೆಣ್ಣು ನೋಡಲು ಹೋದಾಗಲೂ ಅದನ್ನೇ ಹೇಳಿ, ಸಾಹಸಿ ಎನಿಸಿಕೊಂಡು ಮದುವೆಯಾದೆ. ಹೀಗಾಗಿ ಓದುಗ ಮಿತ್ರರೇ, ನನ್ನ ವೃತ್ತಿ ಮತ್ತು ಸಂಸಾರ ಎರಡೂ ಒಂದೇ ಚಪ್ಪಲಿಯ ಮೇಲೆ ನಿಂತಿದ್ದವು. ಅಂಥ ಹಳ್ಳವನ್ನು ನಿಜವಾಗಿ ನೋಡಿದವರು ಎದುರಾದರೆ ಗತಿಯೇನೆಂಬ ಅಳುಕು ನಿವೃತ್ತಿಯ ನಂತರವೂ ಹೋಗಲಿಲ್ಲ.

ಎದುರಾದದ್ದು ಕಳೆದ ತಿಂಗಳು, ಘಾಟ್ಕೋಪರಿನ ನಮ್ಮ ಮನೆಯಲ್ಲೇ. ಅಡುಗೆಮನೆಯ ಸವೆದ ನೆಲಕ್ಕೆ ಶಹಾಬಾದ್ ಫರಸಿಕಲ್ಲು ಹಾಸಲು ಬಂದ ಗೌಂಡಿ ಹೊಸ್ತಿಲಲ್ಲೇ ನನ್ನ ಕಾಲು ಮುಟ್ಟಿದ. ಕಲಬುರಗಿ ಕಡೆಯ ಶರಣಪ್ಪ, ನನ್ನ ಹಳೆಯ ವಿದ್ಯಾರ್ಥಿ. ಆ ಫರಸಿಯೂ ಅವನ ಸೀಮೆಯ ಸುಣ್ಣದಕಲ್ಲೇ. ನಾನು ಹೋಗದಿದ್ದರೇನು, ಅದೇ ನನ್ನನ್ನು ಹುಡುಕಿಕೊಂಡು ಮೂರನೆಯ ಮಾಳಿಗೆಗೆ ಬಂದಿತ್ತು.

ಮರುದಿನ ಶಾಲೆಗೆ ರಜೆಯೆಂದು ಅವನ ಮಗಳು ರೇಣುಕಾ ಜೊತೆಗೆ ಬಂದಳು. ಎಂಟನೆಯ ತರಗತಿ, ಇಂಗ್ಲಿಷ್ ಮಾಧ್ಯಮ. ಅಪ್ಪ ಮಗಳ ನಡುವೆ ಒಂದು ಹಳೆಯ ವ್ಯಾಜ್ಯವಿತ್ತು. ತಮ್ಮೂರ ಹಳ್ಳ ಬಂಡೆಯೊಳಗೆ ಹೊಕ್ಕು ಆಚೆ ಏಳುತ್ತದೆಂದು ಅವನ ವಾದ. ಪ್ರತಿ ಮೇ ತಿಂಗಳ ರಜೆಯಲ್ಲಿ ಹೋಗಿ ಒಣಕಲ್ಲನ್ನಷ್ಟೇ ಕಂಡಿದ್ದ ಅವಳಿಗೆ ಅದು ಶುದ್ಧ ಬುರುಡೆ.

“ಅಲ್ಲಿ ಪಾನಿನೇ ಇಲ್ಲ ಸರ್. ಪಪ್ಪಾ ಸುಮ್ನೆ ಫೇಕ್ತಾರೆ,” ಎಂದು ನನ್ನಲ್ಲಿ ದೂರಿಟ್ಟಳು.

“ನಮ್ಮ ಸರ್‌ಗೆ ಕೇಳು,” ಎಂದ ಶರಣಪ್ಪ, ಸಿಮೆಂಟು ಹರಡುತ್ತ. “ಅವ್ರು ಅಂಥಾ ಹಳ್ಳ ಕಣ್ಣಾರೆ ನೋಡ್ಯಾರ.”

ನೋಡಿದ್ದೇನೆಂದರೆ ಸತ್ಯ ಗೆಲ್ಲುತ್ತದೆ, ಆದರೆ ಸುಳ್ಳುಸಾಕ್ಷಿಯ ಬಲದಿಂದ. ನೋಡಿಲ್ಲವೆಂದರೆ ಸತ್ಯವನ್ನೇ ಹೇಳುತ್ತಿರುವ ಶರಣಪ್ಪ ಮಗಳ ಮುಂದೆ ಸೋಲುತ್ತಾನೆ. ಅಡುಗೆಮನೆಯಿಂದ ಹಜಾರಕ್ಕೆ ವಲಸೆ ಬಂದಿದ್ದ ಒಲೆಯ ಮುಂದೆ ಚಹಾ ಸೋಸುತ್ತಿದ್ದ ನನ್ನ ಹೆಂಡತಿ, ಚಪ್ಪಲಿಯ ಕಥೆ ಬರಲೆಂದು ಹಸನ್ಮುಖಿಯಾಗಿ ಕಾದಿದ್ದಳು. ಹುಡುಗಿ ನನ್ನ ಕಣ್ಣನ್ನೇ ನೋಡುತ್ತಿದ್ದಳು. ಶಾಲಾ ತಪಾಸಣೆಗೆ ಬಂದ ಯಾವ ಅಧಿಕಾರಿಯ ಮುಂದೆಯೂ ನಾನು ಹಾಗೆ ಬೆವರಿದವನಲ್ಲ.

“ನಾನು ನೋಡಿಲ್ಲ ಮಗಾ,” ಎಂದೆ. “ಪುಸ್ತಕದಲ್ಲಿ ಓದಿದ್ದು, ಅಷ್ಟೇ.”

“ಚಪ್ಪಲಿಯೂ ಸುಳ್ಳಾ ಮಾರಾಯ್ರೇ?” ಎಂದಳು ಹೆಂಡತಿ, ಸೋಸುವುದನ್ನು ನಿಲ್ಲಿಸಿ.

ಶರಣಪ್ಪ ಮರದ ಸುತ್ತಿಗೆಯಿಂದ ಕಲ್ಲನ್ನು ತಟ್ಟುತ್ತ, ತಲೆಯೆತ್ತದೆ, “ನಂಗ ಗೊತ್ತಿತ್ತರಿ ಸರ್,” ಎಂದ.

ನನ್ನ ಪಾಠ ಕೇಳಿದ ವರ್ಷ ದೀಪಾವಳಿಗೆ ಊರಿಗೆ ಹೋದಾಗ ಹಳ್ಳ ಇನ್ನೂ ಸಣ್ಣಗೆ ಹರಿಯುತ್ತಿತ್ತಂತೆ. ಬಂಡೆಯೊಳಗೆ ಹೋಗುವ ನೀರು, ಆಚೆ ಏಳುವ ನೀರು ಎರಡೂ ಒಂದೇ ಎಂದು ಊರಿನಲ್ಲಿ ಯಾರೂ ಪರೀಕ್ಷಿಸಿ ನೋಡಿರಲಿಲ್ಲ. ಇವನು ಹಬ್ಬಕ್ಕೆ ತನಗೆ ಕೊಡಿಸಿದ ಹೊಸ ಚಪ್ಪಲಿಗಳಲ್ಲಿ ಎಡಗಾಲಿನದನ್ನೇ ಆರಿಸಿ ಬಿರುಕಿಗೆ ಬಿಟ್ಟು, ಆಚೆ ಸಂಜೆಯವರೆಗೂ ಕಾದು, ಅವ್ವನಿಂದ ಒದೆ ತಿಂದ. ಮಾರನೆಯ ದಿನ ತಮ್ಮನ ಕೈಗೆ ಒಂದು ಪುಡಿ ಕೊಟ್ಟು ಬಿರುಕಿನಲ್ಲಿ ಸುರಿಯಲು ಹೇಳಿ, ತಾನು ಮತ್ತೆ ಆಚೆ ಹೋಗಿ ಕುಳಿತ.

“ಚಪ್ಪಲಿ ಬರಲಿಲ್ಲರಿ ಸರ್,” ಎಂದ. “ಬಣ್ಣ ಬಂತು.”

ಯಾವ ಬಣ್ಣವೆಂದು ಕೇಳುವ ಹೊತ್ತಿಗೆ ಉತ್ತರ ನನಗೇ ಹೊಳೆದಿತ್ತು. ಶರಣಪ್ಪ ಮೊದಲ ಬಾರಿಗೆ ಸುತ್ತಿಗೆ ಕೆಳಗಿಟ್ಟ.

“ನೀಲಿರಿ. ನಿಮ್ಮ ಡ್ರಾಯರಿನಾಗಿಂದು. ತಪ್ಪಾತ್ರಿ.”

ನನಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ, ಹೇಳಲಾರದಷ್ಟು ಸಂತೋಷವಾಯಿತು. ಮೂವತ್ತು ವರ್ಷ ನಾನು ಪಾಠಕ್ಕೆ ಊರುಗೋಲೆಂದುಕೊಂಡಿದ್ದ ಚಪ್ಪಲಿ ಬಿರುಕಿನಲ್ಲೇ ಸಿಕ್ಕಿಕೊಂಡಿತ್ತು, ಪಾಠ ಮಾತ್ರ ಆಚೆ ತಲುಪಿತ್ತು. ಅಂದೇ ಬೊರಿವಲಿಯಲ್ಲಿರುವ ಇತಿಹಾಸದ ಮಾಸ್ತರರಿಗೆ ಫೋನ್ ಮಾಡಿ ಕ್ಷಮೆ ಕೇಳಿದೆ. ಅವರು ಬಹಳ ಹೊತ್ತು ನಕ್ಕು, ನೀಲಿ ತಾವು ಮುಟ್ಟಿಲ್ಲವೆಂದೂ, ಆದರೆ ಕೆಂಪನ್ನು ಪ್ರತಿವರ್ಷ ನನ್ನ ಡ್ರಾಯರಿನಿಂದಲೇ ಒಯ್ಯುತ್ತಿದ್ದುದಾಗಿಯೂ, ಪಾಣಿಪತ್ತಿಗೆ ಅದೆಷ್ಟಿದ್ದರೂ ಸಾಲುತ್ತಿರಲಿಲ್ಲವೆಂದೂ ಒಪ್ಪಿಕೊಂಡರು.

ರೇಣುಕಾ ಮಾತ್ರ ನಮ್ಮಿಬ್ಬರನ್ನೂ ನಂಬಲಿಲ್ಲ. ಕಳ್ಳ ಮತ್ತು ಸುಳ್ಳ ಸೇರಿ ಹೇಳಿದ್ದನ್ನು ಯಾರು ನಂಬುತ್ತಾರೆ? ಈ ಸಲ ಮೇ ತಿಂಗಳಲ್ಲಲ್ಲ, ದಿವಾಲಿಗೆ ಹೋಗಿ ತಾನೇ ಚೆಕ್ ಮಾಡುವುದಾಗಿ ಘೋಷಿಸಿದಳು. ಕೆಲಸ ಮುಗಿಯುವ ದಿನ ನಾನು ಬಣ್ಣದ ಸೀಮೆಸುಣ್ಣದ ಪೆಟ್ಟಿಗೆಯೊಂದನ್ನು ತಂದು, ಅವಳಿಗೆ ಕಾಣುವಂತೆ ಮೇಜಿನ ಮೇಲಿಟ್ಟು, ಬೇಕೆಂದೇ ಬಾಲ್ಕನಿಗೆ ಹೋಗಿ ರಸ್ತೆ ನೋಡುತ್ತ ನಿಂತೆ.

ಅವರು ಹೊರಟ ಮೇಲೆ ಬಂದು ನೋಡಿದರೆ, ಎಂದಿನಂತೆ, ನೀಲಿ ಮುಗಿದಿತ್ತು. ಬಾಗಿಲಾಚೆ ನನ್ನ ಎಡಗಾಲಿನ ಚಪ್ಪಲಿಯೂ ಇರಲಿಲ್ಲ.