ಎಡಗಡೆ ಬಾಗಿಲ ನೆಗ್ಗು

ಆತನ ನಿಜವಾದ ಹೆಸರು ಗ್ಯಾರೇಜಿನಲ್ಲಿ ಯಾರಿಗೂ ನೆನಪಿಲ್ಲ. ಎಲ್ಲರ ಬಾಯಲ್ಲೂ ನುಣ್ಣಪ್ಪ. ದೂರದ ಬೆಟ್ಟ ನುಣ್ಣಗೆ ಅನ್ನುತ್ತಾರಲ್ಲ, ಈ ಮನುಷ್ಯನಿಗೆ ಹತ್ತಿರದ್ದೂ ನುಣ್ಣಗಿರಬೇಕು. ಹಳೇ ಕಾಲದ ಕಾರುಗಳ ಬಾನೆಟ್ಟು, ಬಾಗಿಲು, ಮಡ್ಗಾರ್ಡು ಬಿಚ್ಚಿ, ನೆಗ್ಗು ತೆಗೆದು, ಪುಟ್ಟಿ ಹಾಕಿ, ಉಜ್ಜಿ, ಬಣ್ಣ ಹೊಡೆಯುವುದು ಇಪ್ಪತ್ತೆಂಟು ವರ್ಷದಿಂದ ಆತನ ಕಸುಬು. ಕಣ್ಣು ಮುಚ್ಚಿ ತಗಡಿನ ಮೇಲೆ ಅಂಗೈ ಆಡಿಸಿದನೆಂದರೆ ಕೂದಲೆಳೆಯಷ್ಟು ತಗ್ಗಿದ್ದರೂ ಸಿಕ್ಕಿಬೀಳುತ್ತದೆ. ಆದರೆ ಆ ಕೈ ಎಲ್ಲೂ ಸುಮ್ಮನಿರದು. ಮನೆಯಲ್ಲಿ ಫ್ರಿಜ್ಜಿನ ಬಾಗಿಲು ಸವರುತ್ತದೆ, ಬಸ್ಸಿನಲ್ಲಿ ಮುಂದಿನ ಸೀಟಿನ ಬೆನ್ನು ಸವರುತ್ತದೆ. ಒಂದಲ್ಲ ಒಂದು ದಿನ ಯಾರ ಕೈಲಾದರೂ ಒದೆ ತಿನ್ನುತ್ತೀರಿ ಎಂದು ಹೆಂಡತಿ ಎಚ್ಚರಿಸಿಯೂ ಆಗಿದೆ.

ಅಂಥವನ ಮುಂದೆ ನಿವೃತ್ತ ಲೆಕ್ಕದ ಮೇಷ್ಟ್ರೊಬ್ಬರು ತಮಗಿಂತ ಎರಡು ವರ್ಷ ಹಿರಿದಾದ ಕಾರು ತಂದು ನಿಲ್ಲಿಸಿದರು. ತುಕ್ಕು ತೆಗೆಯಿರಿ, ಮೊದಲಿದ್ದ ಕಡುಹಸಿರನ್ನೇ ಹೊಡೆಯಿರಿ, ಆದರೆ ಒಂದೇ ಒಂದು ಷರತ್ತು ಎಂದರು.

"ಎಡಗಡೆ ಬಾಗಿಲಲ್ಲಿರೋ ಈ ನೆಗ್ಗು ಮುಟ್ಟಬೇಡಿ. ನಮ್ಮನೆಯವಳು ಒದ್ದಿದ್ದು."

ನುಣ್ಣಪ್ಪ ನಕ್ಕ. ಮೇಷ್ಟ್ರೂ ನಕ್ಕರು. ಮದುವೆಯಾದ ಹೊಸತರಲ್ಲಿ ಆಕೆಯನ್ನು ರೈಲ್ವೆ ಸ್ಟೇಷನ್ನಿನಲ್ಲಿ ಎರಡು ಗಂಟೆ ಕಾಯಿಸಿದ್ದರಂತೆ. ಕಾರು ಬಂದು ನಿಂತದ್ದೇ ತಡ, ಆಕೆ ಚಪ್ಪಲಿಯ ಹಿಮ್ಮಡಿಯಿಂದ ಬಾಗಿಲಿಗೆ ಒಂದು ಬಾರಿಸಿ, ಆಮೇಲೆ ವಾರಗಟ್ಟಲೆ ಮಾತು ಬಿಟ್ಟಿದ್ದರಂತೆ. ಆಕೆ ತೀರಿಕೊಂಡು ನಾಲ್ಕು ವರ್ಷವಾಯಿತು ಎಂದಾಗ ನುಣ್ಣಪ್ಪನ ನಗು ಅಲ್ಲೇ ನಿಂತಿತು.

ನಾಲಿಗೆ ಒಪ್ಪಿಕೊಂಡಿತು, ಕೈ ಒಪ್ಪಬೇಕಲ್ಲ. ಆ ಬಾಗಿಲಿನ ಪಕ್ಕ ಹಾದಾಗಲೆಲ್ಲ ಅಂಗೈ ತುರಿಸುತ್ತಿತ್ತು. ಅಪ್ಪಿತಪ್ಪಿ ಮುಟ್ಟಿಬಿಟ್ಟೇನು ಎಂದು ಹೆದರಿ, ಗುರುತಿಗಿರಲಿ ಎಂದು ನೆಗ್ಗಿನ ಸುತ್ತ ಸೀಮೆಸುಣ್ಣದಿಂದ ಗುಂಡಗೆ ಗೆರೆ ಎಳೆದ. ಬುದ್ಧಿವಂತ ಎಡವಿದ್ದು ಇಲ್ಲೇ. ಆ ಕಸುಬಿನಲ್ಲಿ ಸೀಮೆಸುಣ್ಣದ ಗುಂಡುಗೆರೆಗೆ ಇರುವುದು ಒಂದೇ ಅರ್ಥ: ಇಲ್ಲಿ ನೆಗ್ಗಿದೆ, ತೆಗೆ.

ಶುಕ್ರವಾರ ಬಾನೆಟ್ಟು, ಮಡ್ಗಾರ್ಡು ಮುಗಿಸಿ, ಅದೇ ಭರದಲ್ಲಿ ಬಾಗಿಲನ್ನು ಸ್ಟ್ಯಾಂಡಿಗೆ ಏರಿಸಿದ. ಸೀಮೆಸುಣ್ಣದ ಗೆರೆ ಕಂಡಿತು. ಹೊರಗಿನಿಂದ ಕಬ್ಬಿಣದ ಗಟ್ಟಿ ಒತ್ತಿ ಹಿಡಿದು, ಒಳಗಿನಿಂದ ಸಣ್ಣ ಸುತ್ತಿಗೆಯಲ್ಲಿ ನಾಲ್ಕು ಪೆಟ್ಟು ಕೊಟ್ಟ. ಗೆರೆ ಒರೆಸಿದ, ಉಜ್ಜಿದ, ಪ್ರೈಮರ್ ಹೊಡೆದ. ಒಣಗಿದ ಮೇಲೆ ಕಣ್ಣು ಮುಚ್ಚಿ ಅಂಗೈ ಆಡಿಸಿದ. ಎಲ್ಲೂ ಏನೂ ತಡೆಯಲಿಲ್ಲ. ಮೇಷ್ಟ್ರ ಷರತ್ತು ನೆನಪಾದದ್ದು ಆಗ.

ಗ್ಯಾರೇಜಿನ ಯಜಮಾನನಿಗೆ ಇದೊಂದು ದೊಡ್ಡ ವಿಷಯವೇ ಅಲ್ಲ. ಇನ್ನೊಂದು ಏಟು ಹಾಕಿದರಾಯಿತು, ಒದ್ದವಳು ಎದ್ದು ಬಂದು ಸಾಕ್ಷಿ ಹೇಳುತ್ತಾಳೆಯೇ ಎಂದ. ನುಣ್ಣಪ್ಪ ಗುಜರಿಯ ಬಾಗಿಲೊಂದನ್ನು ತಂದು ಸ್ಪ್ಯಾನರಿನಲ್ಲಿ ಹೊಡೆದು ನೋಡಿದ, ಗುಂಡುತಲೆಯ ಸುತ್ತಿಗೆಯಲ್ಲಿ ಹೊಡೆದು ನೋಡಿದ, ಕೊನೆಗೆ ಹೆಂಡತಿಯ ಚಪ್ಪಲಿಯನ್ನೇ ಕದ್ದೊಯ್ದು ಅದರ ಹಿಮ್ಮಡಿಯಿಂದ ಬಡಿದ. ಹಳೆಯ ನೆಗ್ಗು ಮೇಲಿನಿಂದ ಮೆಲ್ಲಗೆ ಇಳಿದು ಕೆಳಗೆ ಚುರುಕಾಗಿ ನಿಲ್ಲುತ್ತಿತ್ತು. ಇವೆಲ್ಲ ಬರೀ ಗುಳಿಗಳು. ಕಣ್ಣನ್ನು ಒಪ್ಪಿಸಬಹುದಿತ್ತೇನೋ, ಅಂಗೈಯನ್ನಲ್ಲ. ಎರಡು ದಿನ ಕಾಲು ಸುಟ್ಟ ಬೆಕ್ಕಿನಂತೆ ಮನೆಯಲ್ಲಿ ಸುತ್ತಿದ. ಚಪ್ಪಲಿ ಎಲ್ಲಿ ಎಂದು ಹುಡುಕುತ್ತ ಬಂದ ಹೆಂಡತಿಗೆ ಎಲ್ಲವನ್ನೂ ಹೇಳಬೇಕಾಯಿತು.

"ನಾನು ಒದ್ದಿದ್ದನ್ನ ನೀವು ಅಷ್ಟು ವರ್ಷ ಜೋಪಾನ ಮಾಡಿದ್ರಿ ಅಂದ್ಕೊಳ್ಳಿ," ಎಂದಳು ಅವಳು. "ಯಾರೋ ಅದನ್ನ ಅಳಿಸಿ, ತಾವೇ ಒಂದು ಮಾಡಿಟ್ರೆ ನಿಮಗೆ ಹೇಗಿರುತ್ತೆ? ಹೋಗಿ ಹೇಳಿ."

ಮೇಷ್ಟ್ರನ್ನು ಕರೆಸಿದ. ಅವರು ಬಂದವರೇ ಸೀದಾ ಬಾಗಿಲಿನ ಆ ಜಾಗಕ್ಕೆ ಕೈ ಹಾಕಿದರು. ಕೈ ಜಾರಿ ಕೆಳಗೆ ಹೋಯಿತು. ಮತ್ತೆ ಮೇಲೆ ತಂದು ಹುಡುಕಿದರು.

"ನನ್ನ ಕೈಯಿಂದಲೇ ಹೋಯ್ತು ಸಾರ್," ಎಂದ ನುಣ್ಣಪ್ಪ. "ಮುಟ್ಟಬಾರ್ದು ಅಂತ ಸೀಮೆಸುಣ್ಣದಲ್ಲಿ ಸುತ್ತು ಹಾಕಿದ್ದೆ. ನಮ್ಮಲ್ಲಿ ಸುತ್ತು ಹಾಕಿದ್ದನ್ನ ತೆಗೆದೇ ಅಭ್ಯಾಸ."

ಮೇಷ್ಟ್ರು ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಅವರು ಬೈಯಲಿಲ್ಲ.

"ಅವಳ ಫೋಟೋ ಬೇಕಾದಷ್ಟಿವೆ ಮೇಸ್ತ್ರಿ. ಎಲ್ಲದರಲ್ಲೂ ನಗ್ತಾ ಇದಾಳೆ. ಅವಳ ಕೋಪ ಉಳಿದಿದ್ದು ಇದೊಂದರಲ್ಲೇ."

ನುಣ್ಣಪ್ಪನಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಮೇಷ್ಟ್ರ ಮಣಿಕಟ್ಟು ಹಿಡಿದು, ಇನ್ನೂ ಒಳಹಲಗೆ ಕೂರಿಸದ ಬಾಗಿಲಿನ ಹೊಟ್ಟೆಯೊಳಗೆ ಅವರ ಕೈ ತೂರಿಸಿದ. ಹೊರಗೆ ನುಣ್ಣಗಾದದ್ದು ಒಳಗೆ ಆಗಿರಲಿಲ್ಲ. ಒದ್ದ ಜಾಗದ ಬೆನ್ನಿಗೆ ಸುತ್ತಿಗೆಯ ನಾಲ್ಕು ಪೆಟ್ಟು ಹಾಗೆಯೇ ಒರಟಾಗಿ ಉಳಿದಿದ್ದವು. ಮೇಷ್ಟ್ರ ಬೆರಳು ಅಲ್ಲಿ ಬಹಳ ಹೊತ್ತು ನಿಂತಿತು.

"ಇದನ್ನೂ ಉಜ್ಜಿಬಿಡ್ತೀರಾ?"

"ಇಲ್ಲ ಸಾರ್."

ಆಗಲಿ ಬಿಡಿ ಎಂದು ಮೇಷ್ಟ್ರು ಹೇಳಲಿಲ್ಲ. ಕೈ ಒರೆಸಿಕೊಂಡು ಹೊರಟುಹೋದರು.

ಬಣ್ಣ ಮುಗಿದು ಬಾಗಿಲು ಕೂರಿಸುವ ದಿನ, ತುಕ್ಕು ಹಿಡಿಯದಂತೆ ಒಳಗೆ ಎಣ್ಣೆ ಸವರಬೇಕಿತ್ತು. ನುಣ್ಣಪ್ಪ ಕೈ ತೂರಿಸಿದ. ಬೆರಳಿಗೆ ಆ ಒರಟು ಸಿಕ್ಕಿತು, ಅಂಗೈ ತುರಿಸಿತು. ಉಜ್ಜುವ ಕಾಗದ ಪಕ್ಕದಲ್ಲೇ ಇತ್ತು. ಎಣ್ಣೆ ಸವರಿ ಕೈ ಹೊರಗೆಳೆದು, ಆ ಕಾಗದವನ್ನು ಜೇಬಿಗೆ ತುರುಕಿಕೊಂಡು, ಒಳಹಲಗೆ ಕೂರಿಸಲು ಬೇರೆಯವರನ್ನು ಕರೆದ.