ಮಹಡಿಯ ಮೇಲೆ ಒಣಗಿದ ಕಾಗದ

ಆಗೆಲ್ಲ ಯಲಹಂಕದಲ್ಲಿ ಬೇಸಿಗೆ ಬಂತೆಂದರೆ ಮಹಡಿಗಳು ಹಪ್ಪಳ, ಸಂಡಿಗೆಗೆ ಮೀಸಲು. ಆ ವರ್ಷ ನಮ್ಮ ಮಹಡಿಯ ಮೂಲೆಯಲ್ಲಿ ನಾನೂ ಸುನಂದಾಳೂ ಕಾಗದ ಒಣಹಾಕಿದ್ದೆವು.

ಸುನಂದಾ ಪಕ್ಕದ ಬಾಡಿಗೆ ಮನೆಯವಳು, ನನ್ನ ಕ್ಲಾಸಿನವಳೇ. ಅವಳಪ್ಪ ದುಡಿಯುತ್ತಿದ್ದ ಕಾರ್ಖಾನೆ ಮುಚ್ಚಿ, ರಜೆ ಮುಗಿಯುವುದರೊಳಗೆ ಅವರೆಲ್ಲ ಹುಬ್ಬಳ್ಳಿಗೆ ಹೊರಡುವವರಿದ್ದರು. ಅಷ್ಟರಲ್ಲಿ ನಾವಿಬ್ಬರೂ ಸೇರಿ ಒಂದು ಹಾಳೆಯನ್ನಾದರೂ ಮಾಡಲೇಬೇಕೆಂಬ ಹಟ. ಹಳೇ ಪೇಪರ್ ನೆನೆಸಿ, ರುಬ್ಬಿ, ಜರಡಿಯಲ್ಲಿ ಸೋಸಿ, ಒಣಗಿಸಿದರೆ ಕಾಗದವಾಗುತ್ತದೆ ಎಂದು ಪಾಠದಲ್ಲಿತ್ತು.

ಮಿಕ್ಸಿಗೆ ಹಾಕಿದ ಕೂಡಲೇ ಸುಟ್ಟ ವಾಸನೆ. ಅಮ್ಮ ಓಡಿಬಂದು ಕಿತ್ತುಕೊಂಡರು. "ಇನ್ನೊಂದ್ಸಲ ಮಿಕ್ಸಿ ಮುಟ್ಟಿ ನೋಡು! ಚಟ್ನಿಗೆ ಏನ್ ಮಾಡ್ಲಿ ನಾನು?"

ಕೈಯಲ್ಲೇ ಹಿಸುಕಿದೆವು. ಉಗುರಿನ ಸಂದಿಯೆಲ್ಲ ಅಚ್ಚಿನ ಮಸಿ. ರಾಗಿಹಿಟ್ಟಿನ ಜರಡಿಯಲ್ಲಿ ತೆಳ್ಳಗೆ ಎತ್ತಿ ಅಪ್ಪನ ಹಳೇ ಪಂಚೆಯ ಮೇಲೆ ಮಗುಚಿದೆವು. ಮೊದಲನೆಯದು ಬಿಸಿಲಿಗೆ ಬಿರುಕುಬಿಟ್ಟಿತು. ಆಮೇಲಿನದು ಪಂಚೆಗೇ ಅಂಟಿಕೊಂಡಿತು. ಬಕೆಟ್ಟಿನಲ್ಲಿ ಉಳಿದದ್ದು ಕೊಳೆತು ನಾರಿತು. ನಾನು ಬಕೆಟ್ಟನ್ನೇ ಒದ್ದೆ.

"ಒದ್ರ ಕಾಗದ ಆಗ್ತೈತೇನ್ಲೇ? ನೀರು ತಗೊಂಡು ಬಾ," ಎಂದಳು ಸುನಂದಾ.

ಕಡೆಗೂ ಒಂದು ಹಾಳೆ ಇಡಿಯಾಗಿ ಎದ್ದು ಬಂತು. ಬೂದು ಬಣ್ಣ, ರೊಟ್ಟಿಯಷ್ಟು ದಪ್ಪ. ಇಬ್ಬರೂ ಅದನ್ನು ಕೆನ್ನೆಗೊತ್ತಿಕೊಂಡು ನೋಡಿದೆವು.

ಅವರು ಹೊರಡುವ ದಿನ, ಲಾರಿ ಬಂದು ನಿಂತಿದ್ದಾಗ, ವಿಳಾಸ ಬರೆಸಿಕೊಳ್ಳಲು ನಾನು ನೋಟ್‌ಬುಕ್ ತಂದೆ. "ಅದು ಬ್ಯಾಡ. ನಾವು ಮಾಡಿದ್ದು ಕೊಡು," ಎಂದು ಸುನಂದಾ ಆ ಹಾಳೆಯ ಮೇಲೇ ಇಂಕ್ ಪೆನ್ನಿನಲ್ಲಿ ಸರಸರನೆ ಬರೆದು, ಮಡಚಿ ನನ್ನ ಕೈಗಿಟ್ಟು ಓಡಿದಳು. ಅವಳಪ್ಪ ಕೂಗುತ್ತಿದ್ದರು. ಲಾರಿ ತಿರುವು ದಾಟಿದ ಮೇಲೆ ಬಿಚ್ಚಿ ನೋಡಿದರೆ ಒಂದಕ್ಷರವೂ ಇಲ್ಲ, ಬರೀ ನೀಲಿ ಕಲೆ. ಹಾಳೆ ಶಾಯಿಯನ್ನೆಲ್ಲ ಹೀರಿಕೊಂಡಿತ್ತು.

ಅಪ್ಪ ಆ ಮನೆಯ ಓನರನ್ನು ವಿಚಾರಿಸಿದರು. "ಹುಬ್ಳಿ ಅಂದ್ರು ಕಣ್ರೀ, ಅಷ್ಟೇ ಗೊತ್ತು ನಂಗೆ," ಎಂದುಬಿಟ್ಟರು ಅವರು. ಆಮೇಲೆ ನಾವೂ ಯಲಹಂಕದ ಹತ್ತಿರವೇ ಇರುವ ಸಿಂಗಾಪುರ ಬಡಾವಣೆಯ ಕಡೆ ಮನೆ ಬದಲಿಸಿದೆವು. ಅವಳು ಬರೆದಿದ್ದರೂ ಯಾರ ಕೈ ಸೇರಿತೋ.

ಈಗ ಫೋನಿನಲ್ಲಿ ಹುಡುಕಿದರೆ ಲೆಕ್ಕವಿಲ್ಲದಷ್ಟು ಸುನಂದಾಗಳು. ನನ್ನವಳು ಯಾರೆಂದು ಗೊತ್ತಾಗಲು ಅವಳಪ್ಪನ ಹೆಸರೂ ನನಗೆ ತಿಳಿಯದು. ಮೊನ್ನೆ ಅದೇ ಫೋನಿನಲ್ಲಿ ಯಾರೋ ಕಾಗದ ಮಾಡುವುದನ್ನು ತೋರಿಸುತ್ತಿದ್ದರು. ಶಾಯಿ ಹರಡದಿರಲು ಹಾಳೆಗೆ ಗಂಜಿ ಸವರಬೇಕಂತೆ. ಗಂಜಿ! ನಾವು ಮಹಡಿಯಲ್ಲಿ ಒದ್ದಾಡುತ್ತಿದ್ದಾಗ ಕೆಳಗೆ ಅಮ್ಮ ದಿನಾ ಅನ್ನ ಬಸಿದು ಆ ಗಂಜಿಯನ್ನು ಬಚ್ಚಲಿಗೆ ಚೆಲ್ಲುತ್ತಿದ್ದರು. ಮೈಯೆಲ್ಲ ಉರಿದುಹೋಯಿತು. ಈ ಸಿಟ್ಟು ಅರ್ಥವಾಗುವವಳು ಒಬ್ಬಳೇ, ಅವಳೆಲ್ಲಿದ್ದಾಳೋ ಗೊತ್ತಿಲ್ಲ.